ಭರ್ತಿ ಮಣ್ಣಿನ ಇಳಿಜಾರು ಸೈಟಿಗೆ 150 ಮಿ.ಮೀ. ಮೈಕ್ರೋಪೈಲ್ ಸಾಕಾ? ಎಷ್ಟು ಆಳ, ಎಷ್ಟು ಪೈಲ್?

ಹೊಸಸೈಟ್:
ನಮಸ್ಕಾರ. ಎರಡು ಅಂತಸ್ತಿನ ಆರ್‌ಸಿಸಿ ಮನೆ, ಹೆಚ್ಚಿನ ಕಾಲಂಗಳ ಮೇಲೆ 60 ಟನ್ ಆಸುಪಾಸಿನ ಭಾರ. ಸೈಟ್ ಇಳಿಜಾರಿನಲ್ಲಿದೆ. ಮೇಲಿನ 4.5 ಮೀಟರ್ ಇಟ್ಟಿಗೆ ಚೂರು, ಕಟ್ಟಡದ ಕಸ ಸೇರಿದ ಸಡಿಲ ಭರ್ತಿ ಮಣ್ಣು. ಅದರ ಕೆಳಗೆ ಸುಮಾರು 4 ಮೀಟರ್ ಮೆತ್ತಗಿನ ಜೇಡಿ. 8.5 ಮೀಟರಿನಿಂದ ಶಿಥಿಲ ಬಂಡೆ, ಅದರಲ್ಲಿ ಅಲ್ಲಲ್ಲಿ ಗುಂಡುಕಲ್ಲು. ನೀರು 3 ಮೀಟರಿಗೇ ಸಿಗುತ್ತದೆ. ಓಣಿ ಎರಡು ಮೀಟರೂ ಇಲ್ಲ, ದೊಡ್ಡ ಪೈಲಿಂಗ್ ರಿಗ್ ಒಳಗೆ ಬರುವುದಿಲ್ಲ. ಒಂದು ಪಕ್ಕಕ್ಕೆ ಅಂಟಿಕೊಂಡಂತೆ ಹಳೆಯ ಕಲ್ಲುಪಾಯದ ಮನೆ.

ಕಂಟ್ರಾಕ್ಟರ್ ಹೇಳುತ್ತಿರುವುದು: 150 ಮಿ.ಮೀ. ವ್ಯಾಸದ ಮೈಕ್ರೋಪೈಲ್ (ತೆಳ್ಳಗೆ ತೂತು ಕೊರೆದು, ಕಂಬಿ ಇಳಿಸಿ, ಸಿಮೆಂಟ್-ನೀರಿನ ಗ್ರೌಟ್ ತುಂಬುವ ಪೈಲ್), 10 ಮೀಟರ್ ಆಳ, ಕಾಲಂಗೆ ಎರಡು, ಒಳಗೆ ಒಂದೊಂದು 32 ಮಿ.ಮೀ. ಕಂಬಿ. ಇಷ್ಟು ತೆಳ್ಳಗಿನದು ಬಾಗಿ ಹೋಗುವುದಿಲ್ಲವೇ? ಎರಡು ಸಾಕೇ? ಕೆಲಸ ನಡೆಯುವಾಗ ಏನೇನು ನೋಡಿಕೊಳ್ಳಬೇಕು?

ನೆಲಮಾಳಿಗೆ:
ಪದ್ಧತಿ ಸರಿಯಾಗಿದೆ, ಲೆಕ್ಕ ಸರಿಯಿಲ್ಲ. ಇಂಥ ಪೈಲ್ ಹೊಸದೇನಲ್ಲ. 1950ರ ದಶಕದಲ್ಲಿ ಇಟಲಿಯಲ್ಲಿ ಫೆರ್ನಾಂಡೊ ಲಿಜ್ಜಿ ಹಳೆಯ ಕಟ್ಟಡಗಳ ಪಾಯ ಬಲಪಡಿಸಲೆಂದೇ ಇದನ್ನು ರೂಪಿಸಿದರು. ಇಕ್ಕಟ್ಟು ಜಾಗ, ಪಕ್ಕದಲ್ಲಿ ಹಳೇ ಗೋಡೆ, ಮಧ್ಯೆ ಗುಂಡುಕಲ್ಲು: ನಿಮ್ಮ ಸೈಟಿಗೆ ಹೇಳಿ ಮಾಡಿಸಿದ ಹಾಗಿದೆ.

150 ಮಿ.ಮೀ. ಪೈಲಿನ ತುದಿಯ ವಿಸ್ತೀರ್ಣ ಬರೀ 0.0177 ಚದರ ಮೀಟರ್. ತುದಿಯ ಮೇಲೆ ನಿಲ್ಲುವ ಭಾರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗ್ರೌಟ್ ಮತ್ತು ಬಂಡೆಯ ನಡುವಿನ ಹಿಡಿತವೇ ಎಲ್ಲ ಭಾರವನ್ನೂ ಹೊರಬೇಕು. ಭರ್ತಿ ಮಣ್ಣು, ಮೆತ್ತನೆ ಜೇಡಿ ಎರಡನ್ನೂ ಸೊನ್ನೆ ಎಂದು ಬಿಡಿ. ಬಂಡೆಯೊಳಗೆ ಹೋದ ಉದ್ದ ಮಾತ್ರ ದುಡಿಯುತ್ತದೆ.

ನಿಮ್ಮ ಶಿಥಿಲ ಬಂಡೆಗೆ ಅಂತಿಮ ಹಿಡಿತ ಚದರ ಮೀಟರಿಗೆ 30 ಟನ್ ಎಂದಿಟ್ಟುಕೊಳ್ಳೋಣ (ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಇದು ಅಂದಾಜು ಮಾತ್ರ). ಸುತ್ತಳತೆ 0.471 ಮೀಟರ್. 10 ಮೀಟರ್ ಪೈಲ್ ಬಂಡೆಯಲ್ಲಿ ಇಳಿಯುವುದು 1.5 ಮೀಟರ್ ಮಾತ್ರ. 1.5 × 0.471 × 30 ಅಂದರೆ 21 ಟನ್. ಸುರಕ್ಷತಾ ಅಂಶ 2 ಹಿಡಿದರೆ ಪೈಲಿಗೆ ಹತ್ತೂವರೆ ಟನ್. ಬೇಕಿರುವುದು 30. ಪ್ರಶ್ನೆ ಇಲ್ಲಿಗೇ ಮುಗಿಯಿತು.

ಇದರ ಮೇಲೆ ಭರ್ತಿ ಮಣ್ಣು ಇನ್ನೂ ಇಳಿಯುತ್ತಿರುತ್ತದೆ. ಇಳಿಯುವಾಗ ಪೈಲನ್ನೂ ಕೆಳಕ್ಕೆ ಎಳೆಯುತ್ತದೆ (ನೆಗೆಟಿವ್ ಫ್ರಿಕ್ಷನ್). ಮೇಲ್ಭಾಗದಲ್ಲಿ 178 ಮಿ.ಮೀ. ಕೇಸಿಂಗ್ (ಉಕ್ಕಿನ ಕೊಳವೆ) ಉಳಿಸಿದರೆ, ಚದರ ಮೀಟರಿಗೆ 2 ಟನ್ ಎಳೆತದ ಲೆಕ್ಕದಲ್ಲಿ 8 ಮೀಟರಿಗೆ 9 ಟನ್ ಹೆಚ್ಚುವರಿ ಭಾರ. ಇದೇ 600 ಮಿ.ಮೀ. ಪೈಲ್ ಆಗಿದ್ದರೆ 30 ಟನ್! ತೆಳ್ಳಗಿರುವುದರಿಂದ ಆಗುವ ಲಾಭ ಇದು, ಯಾರೂ ಹೇಳುವುದಿಲ್ಲ.

ಕಾಲಂಗೆ ಎರಡು ಪೈಲ್ ಕೊಟ್ಟರೆ ಅಡ್ಡ ದಿಕ್ಕಿನಲ್ಲಿ ಕ್ಯಾಪ್ (ಪೈಲ್ ತಲೆಗಳನ್ನು ಕಾಲಂಗೆ ಜೋಡಿಸುವ ಕಾಂಕ್ರೀಟ್ ದಿಮ್ಮಿ) ತಿರುಗದಂತೆ ಹಿಡಿಯಲು ಏನೂ ಇರುವುದಿಲ್ಲ. ಪೈಲ್ ಕೊರೆಯುವಾಗ 50–75 ಮಿ.ಮೀ. ಜರುಗುವುದು ಮಾಮೂಲು, ಅದರಿಂದ ಹುಟ್ಟುವ ಬಾಗಿಸುವ ಬಲವೆಲ್ಲ ಕಾಲಂಗೆ ಬೀಳುತ್ತದೆ. ಎರಡೇ ಪೈಲ್ ಅಂದರೆ ಆ ದಿಕ್ಕಿನಲ್ಲಿ ಗಟ್ಟಿ ಪ್ಲಿಂತ್ ಬೀಮ್ ಬೇಕೇ ಬೇಕು. ನನ್ನ ಸಲಹೆ ಮೂರು ಪೈಲ್, ತ್ರಿಕೋನದಲ್ಲಿ, ನಡುನಡುವೆ ಕನಿಷ್ಠ 750 ಮಿ.ಮೀ. ಆಗ ಪೈಲಿಗೆ 20 ಟನ್, ಎಳೆತ 9, ಒಟ್ಟು 30 ಎನ್ನಿ. ಬೇಕಾದ ಹಿಡಿತದ ಉದ್ದ 30 × 2 ÷ (30 × 0.471), ಅಂದರೆ 4.25 ಮೀಟರ್. ನಾಲ್ಕೂವರೆ ಹಾಕಿ. ಒಟ್ಟು ಆಳ 13 ಮೀಟರ್.

32 ಮಿ.ಮೀ. ಕಂಬಿ (ಇಳುವರಿ ಒತ್ತಡ, ಅಂದರೆ ಕಂಬಿ ಮರಳಿ ಬಾರದಂತೆ ಹಿಗ್ಗತೊಡಗುವ ಒತ್ತಡ, 500 ಮೆಗಾಪಾಸ್ಕಲ್) ಸಾಕು. ಕಂಬಿಗೆ 0.47, ಗ್ರೌಟ್‌ಗೆ 0.40 ಗುಣಾಂಕ ಹಾಕಿದರೆ, 30 ಮೆಗಾಪಾಸ್ಕಲ್ ಗ್ರೌಟ್‌ನಲ್ಲಿ ಪೈಲ್ 39 ಟನ್ ತಡೆಯುತ್ತದೆ. ಅದೇ ಕಂಟ್ರಾಕ್ಟರ್ ಹೇಳಿದಂತೆ ಎರಡೇ ಪೈಲ್ ಆದರೆ 30 + 9, ಸರಿಯಾಗಿ ಅಂಚಿಗೆ ಬಂದು ನಿಲ್ಲುತ್ತದೆ.

ಬಾಗುವ ಭಯ: ಸುತ್ತ ಮಣ್ಣು ಇರುವವರೆಗೆ, ಅದು ಎಷ್ಟೇ ಮೆತ್ತಗಿದ್ದರೂ, ಪೈಲ್ ಸಾಮಾನ್ಯವಾಗಿ ಬಾಗುವುದಿಲ್ಲ. ಜೇಡಿಯ ಶಿಯರ್ ಬಲ (ಜಾರದೆ ನಿಲ್ಲುವ ಶಕ್ತಿ) 10–15 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ, ಅಥವಾ ಭರ್ತಿಯೊಳಗೆ ಪೊಳ್ಳು ಇದ್ದರೆ ಮಾತ್ರ ಲೆಕ್ಕ ಹಾಕಬೇಕು. ನಿಮ್ಮದು ಕಟ್ಟಡದ ಕಸ, ಪೊಳ್ಳು ಇದ್ದೇ ಇರುತ್ತದೆ. ಅದಕ್ಕೇ ಬಂಡೆಯ ತಲೆಯವರೆಗೆ ಕೇಸಿಂಗ್ ಶಾಶ್ವತವಾಗಿ ಉಳಿಸಿ.

ಇಡೀ ಇಳಿಜಾರೇ ಜಾರುವ ಸ್ಥಿತಿಯಲ್ಲಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ತೆಳ್ಳಗಿನ ಪೈಲಿಗೆ ಅಡ್ಡಬಲ ತಡೆಯುವ ಶಕ್ತಿ ತೀರಾ ಕಡಿಮೆ. ಮೊದಲು ಇಳಿಜಾರಿನ ಸ್ಥಿರತೆ ನೋಡಿಸಿ.

ಗ್ರೌಟ್‌ಪಂಪ್:
ಲೆಕ್ಕ ಮೇಲೆ ಬಂದಿದೆ, ನಾನು ಕೊರೆಯುವ ವಿಷಯ ಹೇಳುತ್ತೇನೆ. ಕಾಗದದ ಮೇಲಿನ 30 ಟನ್ ಹಿಡಿತ ಸೈಟಿನಲ್ಲಿ 10 ಆಗುವುದು ಇಲ್ಲೇ.

ಭರ್ತಿ ಮಣ್ಣಿನಲ್ಲಿ ಕೇಸಿಂಗ್ ಇಲ್ಲದೆ ಡಿಟಿಎಚ್ ಹ್ಯಾಮರ್ (ಗಾಳಿಯ ಒತ್ತಡದಿಂದ ತೂತಿನ ತಳದಲ್ಲಿ ಬಡಿದು ಕೊರೆಯುವ ಯಂತ್ರ) ಇಳಿಸಿ ಕಂಪ್ರೆಸರ್ ಪೂರ್ತಿ ತೆರೆಯುವುದಕ್ಕೆ ಒಪ್ಪಬೇಡಿ. ಗಾಳಿ ದಾರಿ ಹುಡುಕಿಕೊಂಡು ಪಕ್ಕದವರ ಪಾಯದಡಿ ನುಗ್ಗುತ್ತದೆ, ಸಡಿಲ ಮಣ್ಣನ್ನು ಹೊರಗೆ ತರುತ್ತದೆ. ತೂತಿನ ಗಾತ್ರಕ್ಕಿಂತ ಹೆಚ್ಚು ಮಣ್ಣು ಮೇಲೆ ಬರುತ್ತಿದೆ ಅಂದರೆ ಅದು ಪಕ್ಕದ ಮನೆಯ ಕೆಳಗಿನದೇ. ಬಂಡೆ ಮುಟ್ಟುವವರೆಗೆ ಬಿಟ್ ಜೊತೆಗೇ ಕೇಸಿಂಗ್ ಇಳಿಯುವ ವ್ಯವಸ್ಥೆ ಇರಬೇಕು. ನೀರಿನ ಮಟ್ಟದ ಕೆಳಗೆ ಕೊರೆಯುವಾಗ ಕೇಸಿಂಗ್ ಒಳಗಿನ ನೀರು ಹೊರಗಿನ 3 ಮೀಟರಿನ ಮಟ್ಟಕ್ಕಿಂತ ಯಾವಾಗಲೂ ಮೇಲಿರಲಿ. ಇಲ್ಲವಾದರೆ ರಾಡ್ ಎತ್ತಿದ ಕೂಡಲೇ ಕೆಳಗಿನಿಂದ ಮಣ್ಣು ಉಕ್ಕುತ್ತದೆ. ಬೆಂಟೊನೈಟ್ (ತೂತು ಕುಸಿಯದಂತೆ ತುಂಬುವ ಜೇಡಿಯ ಗಂಜಿ) ಬೇಡ, ಗೋಡೆಗೆ ಪೊರೆ ಕಟ್ಟಿ ಹಿಡಿತ ಕೆಡಿಸುತ್ತದೆ.

ಗುಂಡುಕಲ್ಲನ್ನು ಬಂಡೆ ಎಂದು ತಿಳಿಯುವುದೇ ಇಂಥ ಸೈಟಿನ ದೊಡ್ಡ ಮೋಸ. ಪ್ರತಿ ಅರ್ಧ ಮೀಟರಿಗೆ ಎಷ್ಟು ನಿಮಿಷ ಹಿಡಿಯಿತು, ಪುಡಿಯ ಬಣ್ಣ ಏನು, ನೀರು ವಾಪಸ್ ಬರುತ್ತಿದೆಯೇ ಎಂದು ಬರೆಸಿ. ಬಂಡೆ ಸಿಕ್ಕ ಮೇಲೆ 2 ಮೀಟರ್ ಹೋಗಿ ಬಿಟ್ ಇದ್ದಕ್ಕಿದ್ದಂತೆ ಜಾರಿ ಇಳಿದರೆ ಅದು ಗುಂಡುಕಲ್ಲು. ನಾಲ್ಕೂವರೆ ಮೀಟರಿನ ಎಣಿಕೆ ಅಲ್ಲಿಂದ ಹೊಸದಾಗಿ ಶುರು. ಆದ್ದರಿಂದ ಆಳವನ್ನು ಒಪ್ಪಂದದಲ್ಲಿ "13 ಮೀಟರ್" ಎಂದು ಬರೆಯಬೇಡಿ, "ಬಂಡೆಯೊಳಗೆ ಎಡೆಬಿಡದೆ 4.5 ಮೀಟರ್" ಎಂದು ಬರೆಯಿರಿ. ಹಣದ ಜಗಳವೂ ತಪ್ಪುತ್ತದೆ.

ತೇವದ ಶಿಥಿಲ ಬಂಡೆಯನ್ನು ಬರೀ ಗಾಳಿಯಲ್ಲಿ ಕೊರೆದರೆ ಪುಡಿ ಕೆಸರಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಕೊನೆಗೆ ನೀರು ಬಿಟ್ಟು, ತಿಳಿ ಬರುವವರೆಗೆ ತೊಳೆಯಿರಿ. ಟೇಪ್ ಬಿಟ್ಟು ಆಳ ನೋಡಿ. ಕೊರೆದ ದಿನವೇ ಗ್ರೌಟ್ ಆಗಬೇಕು. ರಾತ್ರಿ ಬಿಟ್ಟರೆ ಗೋಡೆ ನೆನೆದು ಮೆತ್ತಗಾಗುತ್ತದೆ, ಮತ್ತೆ ಕೊರೆಯುವುದೇ ದಾರಿ. ಗ್ರೌಟ್ ಮಾಡಿದ ಪೈಲಿನ ಪಕ್ಕದ್ದನ್ನು 24 ಗಂಟೆ ಮುಟ್ಟಬಾರದು. ಹಾಗಾಗಿ ಒಂದು ಕ್ಯಾಪಿನ ಮೂರನ್ನೂ ಒಂದೇ ದಿನ ಮಾಡುವ ಆಸೆ ಬಿಡಿ.

ಕಂಬಿ ನಡುಮಧ್ಯದಲ್ಲಿ ನಿಲ್ಲಲು ಪಿವಿಸಿ ಸೆಂಟ್ರಲೈಸರ್, ಮೇಲೆ 3 ಮೀಟರಿಗೊಂದು, ಬಂಡೆಯ ಭಾಗದಲ್ಲಿ ಒಂದೂವರೆ ಮೀಟರಿಗೊಂದು. ಜೋಡಣೆಗೆ ಕಪ್ಲರ್. ಲ್ಯಾಪ್ ಕೊಟ್ಟರೆ (ಕಂಬಿಯ ಪಕ್ಕಕ್ಕೆ ಕಂಬಿ ಸೇರಿಸಿ ಕಟ್ಟಿದರೆ) 150 ಮಿ.ಮೀ. ತೂತಿನಲ್ಲಿ ಗ್ರೌಟ್ ಪೈಪ್ ಹೋಗಲು ಜಾಗ ಉಳಿಯುವುದಿಲ್ಲ. ಥ್ರೆಡ್ ಇರುವ ಹೈ ಟೆನ್‌ಸೈಲ್ ಕಂಬಿಯಾದರೆ ವೆಲ್ಡಿಂಗ್ ಕೂಡದು.

ಗ್ರೌಟ್ ಅಂದರೆ ಸಿಮೆಂಟ್, ನೀರು ಅಷ್ಟೇ. 50 ಕೆ.ಜಿ. ಮೂಟೆಗೆ 22.5 ಲೀಟರ್ ನೀರು. ಮೂಟೆಗೆ ಸುಮಾರು 38 ಲೀಟರ್ ಗ್ರೌಟ್ ಸಿಗುತ್ತದೆ, ಲೀಟರಿಗೆ 1.89 ಕೆ.ಜಿ. ತೂಗುತ್ತದೆ. ಪಂಪ್ ಕಟ್ಟಿಕೊಂಡಾಗಲೆಲ್ಲ ಕೆಲಸದವರು ನೀರು ಸೇರಿಸುತ್ತಾರೆ. 30 ಲೀಟರ್ ಆದರೆ ತೂಕ 1.74ಕ್ಕೆ ಇಳಿಯುತ್ತದೆ. ಮಡ್ ಬ್ಯಾಲೆನ್ಸ್ (ಗ್ರೌಟ್ ಲೀಟರಿಗೆ ಎಷ್ಟು ತೂಗುತ್ತದೆಂದು ತೋರಿಸುವ ತಕ್ಕಡಿ) ಒಂದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. 1.85ಕ್ಕಿಂತ ಕಡಿಮೆ ಬಂದರೆ ಚೆಲ್ಲಿಸಿ. ಕೈಯಲ್ಲಿ ಡ್ರಮ್ಮಿನೊಳಗೆ ಕಲಸಿದ್ದು ಬೇಡ, ಗಂಟು ಉಳಿಯುತ್ತದೆ. ಹೈ ಶಿಯರ್ ಮಿಕ್ಸರ್ ಇರಲಿ.

ಪೈಪ್ ತಳ ಮುಟ್ಟಿಸಿ, ಕೆಳಗಿನಿಂದ ಮೇಲಕ್ಕೆ ತುಂಬಿ. ಮೇಲೆ ಉಕ್ಕಿದ ಗ್ರೌಟನ್ನೂ ತೂಗಿ. ಒಳಗೆ ಹೋಗುತ್ತಿರುವುದರಷ್ಟೇ ತೂಗುವವರೆಗೆ ನಿಲ್ಲಿಸಬೇಡಿ, ಅಲ್ಲಿಯವರೆಗೆ ಬರುವುದು ಕೆಸರುನೀರು ಬೆರೆತದ್ದು. ನಿಮ್ಮ ಪೈಲಿಗೆ ಲೆಕ್ಕದ ಪ್ರಕಾರ ಆರು ಮೂಟೆ ಚಿಲ್ಲರೆ. 8ರಿಂದ 12 ಹೋದರೆ ಸಹಜ. 20 ದಾಟಿದರೂ ಮೇಲೆ ಬರದಿದ್ದರೆ ಬಿರುಕಿನಲ್ಲೋ ಪೊಳ್ಳಿನಲ್ಲೋ ಸೋರುತ್ತಿದೆ. ಸುಮ್ಮನೆ ತುಂಬುತ್ತಾ ಹೋಗಬೇಡಿ. ಕಂಬಿ ಇಳಿಸುವ ಮೊದಲೇ ಇದು ಗೊತ್ತಾದರೆ ಮರಳು ಸೇರಿಸಿದ ದಪ್ಪ ಗ್ರೌಟ್ ಹಾಕಿ, ಗಟ್ಟಿಯಾದ ಮೇಲೆ ಅದೇ ತೂತನ್ನು ಮತ್ತೆ ಕೊರೆಯಿರಿ. ಕೊರೆಯುವಾಗ ನೀರು ವಾಪಸ್ ಬರದ ತೂತು ಯಾವುದೆಂದು ಬರೆಸಲು ಹೇಳಿದ್ದು ಇದಕ್ಕೇ. ಒಂದೆರಡು ಗಂಟೆಯಲ್ಲಿ ಮೇಲ್ಮಟ್ಟ ಕುಸಿಯುತ್ತದೆ, ಟಾಪ್‌ಅಪ್ ಮಾಡಿ.

ಹೊಸಸೈಟ್:
ತುಂಬಾ ಉಪಕಾರವಾಯಿತು ಸರ್. ಇನ್ನೊಬ್ಬರು ಟೊಳ್ಳು ಕಂಬಿ (ಸೆಲ್ಫ್ ಡ್ರಿಲ್ಲಿಂಗ್) ಹಾಕಿದರೆ ಕೇಸಿಂಗೇ ಬೇಡ, ಬೇಗ ಮುಗಿಯುತ್ತದೆ ಅನ್ನುತ್ತಿದ್ದಾರೆ. ಮತ್ತೆ ಲೋಡ್ ಟೆಸ್ಟ್ ಒಂದು ಮಾಡಿಸಿದರೆ ಸಾಕೇ? ಮೇಲೆ ಭಾರ ಪೇರಿಸಲು ಜಾಗವಿಲ್ಲ.

ಲೋಡ್‌ಟೆಸ್ಟ್:
ಟೊಳ್ಳು ಕಂಬಿ ಸಡಿಲ ಮರಳು, ಗರಸಿನಲ್ಲಿ ಚೆನ್ನ. ಕೊರೆಯುತ್ತಲೇ ಗ್ರೌಟ್ ಹೋಗುತ್ತದೆ, ತೂತು ಕುಸಿಯುವ ಮಾತಿಲ್ಲ. ಆದರೆ ಅದರ ಬಿಟ್ ಬಳಸಿ ಬಿಸಾಡುವಂಥದ್ದು. ಗುಂಡುಕಲ್ಲಿಗೆ ಸಿಕ್ಕರೆ ಸವೆದು ನಿಲ್ಲುತ್ತದೆ ಅಥವಾ ಪಕ್ಕಕ್ಕೆ ಜಾರುತ್ತದೆ, ಹಿಂದಕ್ಕೆ ತೆಗೆದು ಬೇರೆ ಬಿಟ್ ಹಾಕುವಂತಿಲ್ಲ. ಪೊಳ್ಳು ಭರ್ತಿಯಲ್ಲಿ ಬಾಗದಂತೆ ಕಾಯುವ ಕೇಸಿಂಗೂ ಇರುವುದಿಲ್ಲ. ನಿಮ್ಮ ಸೈಟಿಗೆ ನಾನಾದರೆ ಒಪ್ಪುವುದಿಲ್ಲ.

ಟೆಸ್ಟಿಗೆ ಭಾರ ಪೇರಿಸಬೇಕಿಲ್ಲ, ಎಳೆದು ನೋಡಿ. ಭಾರ ಹೊರುವುದು ಹಿಡಿತವೇ ಆದ್ದರಿಂದ ಎಳೆತದ ಪರೀಕ್ಷೆ ಇಲ್ಲಿ ಒಪ್ಪುತ್ತದೆ. ಪೈಲಿನಿಂದ ಸಾಕಷ್ಟು ದೂರ ಎರಡು ಕಡೆ ಆಧಾರ ಕೊಟ್ಟು ಬೀಮ್, ಅದರ ಮೇಲೆ ಟೊಳ್ಳು ಜಾಕ್.

ಜನ ಎಡವುವುದು ಎರಡು ಕಡೆ. ಮೊದಲನೆಯದು ಕಂಬಿ. 30 ಟನ್ನಿನ ಎರಡರಷ್ಟು, ಅಂದರೆ 60 ಟನ್ ಎಳೆಯಬೇಕು. 32 ಮಿ.ಮೀ. ಕಂಬಿ 40 ಟನ್ನಿಗೇ ಇಳುವರಿಗೆ ಬರುತ್ತದೆ. ಟೆಸ್ಟ್ ಪೈಲಿಗೆ ಮಾತ್ರ 50 ಮಿ.ಮೀ. ಅಥವಾ ಹೈ ಟೆನ್‌ಸೈಲ್ ಕಂಬಿ ಹಾಕಿಸಿ, ತೂತಿನ ಅಳತೆ ಅದೇ ಇರಲಿ. ಎರಡನೆಯದು ಇನ್ನೂ ಮುಖ್ಯ: ಮೇಲಿನ 8.5 ಮೀಟರ್ ಮಣ್ಣಿನಿಂದ ಬಿಡಿಸಿರಬೇಕು. ಟೆಸ್ಟ್ ನಡೆಯುವ ಕೆಲವು ಗಂಟೆ ಭರ್ತಿ ಮಣ್ಣೂ ಪೈಲನ್ನು ಹಿಡಿದುಕೊಂಡು ಸಹಾಯ ಮಾಡುತ್ತದೆ, ಪೈಲ್ ಪಾಸಾಗುತ್ತದೆ. ಆಮೇಲೆ ಅದೇ ಮಣ್ಣು ಇಳಿದು ಭಾರವಾಗಿ ತಿರುಗುತ್ತದೆ. ಕೇಸಿಂಗ್ ಒಳಗಿನ ಕಂಬಿಗೆ ಗ್ರೀಸ್ ಹಚ್ಚಿ ಪಿವಿಸಿ ಪೈಪ್ ತೊಡಿಸಿ, ಅಲ್ಲಿ ಗ್ರೌಟನ್ನು ಬಂಡೆಯ ತಲೆಗೇ ನಿಲ್ಲಿಸಿದರೆ ಅಳೆಯುವುದು ಬಂಡೆಯ ಹಿಡಿತವನ್ನಷ್ಟೇ.

ಹಂತ ಹಂತವಾಗಿ ಏರಿಸಿ, ವಿನ್ಯಾಸ ಭಾರದ 1.33 ಪಟ್ಟಿಗೆ ಹಿಡಿದು ನಿಲ್ಲಿಸಿ. 1ರಿಂದ 10ನೇ ನಿಮಿಷದೊಳಗೆ 1 ಮಿ.ಮೀ. ಮೀರಿ ಸರಿಯಬಾರದು. ಮೀರಿದರೆ 60 ನಿಮಿಷದವರೆಗೆ ಹಿಡಿಯಿರಿ, 6ರಿಂದ 60ನೇ ನಿಮಿಷದಲ್ಲಿ 2 ಮಿ.ಮೀ. ಒಳಗಿರಬೇಕು. ಆಮೇಲೆ ಮುಂದಕ್ಕೆ. ಡಯಲ್ ಗೇಜ್ ನಿಲ್ಲಿಸುವ ಪಟ್ಟಿ ಜಾಕಿನ ಆಧಾರಕ್ಕೆ ತಾಗಿರದಂತೆ ನೋಡಿ, ಇಲ್ಲವಾದರೆ ಎರಡೂ ಒಟ್ಟಿಗೆ ಸರಿದು ಚಲನೆಯೇ ಕಾಣುವುದಿಲ್ಲ. ಈ ಪೈಲ್ ಕೆಲಸಕ್ಕೆ ಮುಂಚೆ, ಬಲಿ ಪೈಲಾಗಿ (ಪರೀಕ್ಷೆಗಷ್ಟೇ, ಮನೆಯ ಭಾರ ಹೊರದ ಪೈಲಾಗಿ) ಆಗಬೇಕು. ಹಿಡಿತ 30ರ ಬದಲು 20 ಬಂದರೆ ಉದ್ದ ಹೆಚ್ಚಿಸಲು ಆಗ ಮಾತ್ರ ಅವಕಾಶ. ಕೆಲಸದ ಪೈಲುಗಳಲ್ಲಿ ಶೇಕಡ 5ರಷ್ಟನ್ನು ಪ್ರೂಫ್ ಟೆಸ್ಟ್ (ಮುರಿಯದೆ ಖಾತರಿ ಮಾಡಿಕೊಳ್ಳುವ ಭಾರ ಪರೀಕ್ಷೆ) ಮಾಡಿಸಿ. ಇಲ್ಲಿ ಕಂಬಿ 32ರದ್ದೇ ಆದ್ದರಿಂದ ಎಳೆಯಬೇಡಿ, ಅಕ್ಕಪಕ್ಕದ ಪೈಲುಗಳಿಗೆ ಬೀಮ್ ಕಟ್ಟಿ ಒತ್ತಿ ನೋಡಿ. ಆ ಪೈಲುಗಳ ಎಳೆತವೂ ಕಂಬಿಯ ಮಿತಿಯೊಳಗಿರಬೇಕು.

ನೆಲಮಾಳಿಗೆ:
ಒಂದು ಬಿಟ್ಟುಹೋಗಿತ್ತು: ಪೈಲ್ ತಲೆ. ಮೇಲಿನ ಮೆದು ಗ್ರೌಟ್ ಒಡೆದು ಗಟ್ಟಿ ಸಿಗುವವರೆಗೆ ಕೆತ್ತಿ. ಕೇಸಿಂಗ್ ಕ್ಯಾಪಿನೊಳಗೆ 100–150 ಮಿ.ಮೀ. ಹೋಗಲಿ, ಕಂಬಿಗೆ 200 × 200 × 25 ಪ್ಲೇಟ್, ಎರಡೂ ಬದಿ ನಟ್. ಪ್ಲೇಟಿನ ಮೇಲೆ ಕಾಂಕ್ರೀಟ್ ತೂತಾಗಿ ಒಡೆಯುವ ಪಂಚಿಂಗ್‌ಗೆ ಕ್ಯಾಪಿನ ದಪ್ಪ ನೋಡಿಸಿ. ಜೇಡಿ ಮತ್ತು ನೀರಿನ ಸಲ್ಫೇಟ್, ಕ್ಲೋರೈಡ್, ಪಿಎಚ್ ಪರೀಕ್ಷೆ ಆಗದಿದ್ದರೆ ಈಗಲೇ ಕಳಿಸಿ. ಕಸದ ಭರ್ತಿಯಲ್ಲಿ ಏನು ಬೇಕಾದರೂ ಇರಬಹುದು, ಕೇಸಿಂಗ್ ತುಕ್ಕಿಗೆ ಎಷ್ಟು ದಪ್ಪ ಬಿಡಬೇಕೆಂಬುದು ಅದರ ಮೇಲೆ ನಿಂತಿದೆ. ನಾನು ಮೇಲೆ ಕೊಟ್ಟ 39 ಟನ್ನಿನಲ್ಲಿ ಕೇಸಿಂಗ್ ಉಕ್ಕನ್ನು ಸೇರಿಸಿಲ್ಲ, ಹಾಗೇ ಇರಲಿ.