ಕುದುರೆಯ ಅಸ್ತಮಾಕ್ಕೆ ಉಬ್ಬಸ ಅನ್ನಬಹುದಾ? ಜೊತೆಗೆ ಅಳ್ಳೆ, ತೊಳೆತ, ನಿಗಾ

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ.

ಇಲ್ಲಿ ಸವಾರಿ ಕಲಿಸುವ ಒಂದು ಕಡೆ ಲಾಯದ ಕೆಲಸದವರಲ್ಲಿ ಕೆಲವರು ಇಂಡಿ, ಅಫಜಲಪುರದ ಕಡೆಯವರು. ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಆದರೆ ಓದುವುದಕ್ಕೆ ಕನ್ನಡವೇ ಸಲೀಸು. ಕುದುರೆಗಳ ಅಸ್ತಮಾ ಬಗ್ಗೆ ಗೋಡೆಗೆ ಅಂಟಿಸುವಂಥ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಎಂದು ಅಲ್ಲಿನ ಡಾಕ್ಟರು ಕೇಳಿದರು. ಒಪ್ಪಿಕೊಂಡೆ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

'ಉಬ್ಬಸ' ಎಂದರೆ ಮುಗಿಯಿತಲ್ಲ ಅನ್ನಬೇಡಿ. ಉಬ್ಬಸ ಎಂದ ಕೂಡಲೇ ನಮಗೆ ಕಾಣುವುದು ಎದೆ ಸುಂಯ್‌ಗುಡುತ್ತಾ ನಡುರಾತ್ರಿ ಎದ್ದು ಕೂತ ಮನುಷ್ಯ. ಸೌಮ್ಯ ಅಸ್ತಮಾ ಇರುವ ಕುದುರೆಯಲ್ಲಿ ಅಂಥದ್ದೇನೂ ಇರುವುದಿಲ್ಲ. ಸುಮ್ನೆ ನಿಂತಾಗ ಉಸಿರಾಟ ಸರಿಯಾಗೇ ಇರುತ್ತದೆ. ಓಟ ಶುರುವಾದಾಗ ಒಂದೆರಡು ಸಲ ಕೆಮ್ಮು, ಮೂಗಲ್ಲಿ ಸ್ವಲ್ಪ ಲೋಳೆ, ಮೊದಲಿನ ಹುರುಪಿಲ್ಲ, ಕೆಲಸ ಮುಗಿದ ಮೇಲೆ ಸುಧಾರಿಸಿಕೊಳ್ಳಲು ಜಾಸ್ತಿ ಹೊತ್ತು. ಅಷ್ಟೇ. ಕೆಲವಕ್ಕೆ ಕೆಮ್ಮೂ ಇರುವುದಿಲ್ಲ. ಜ್ವರ ಅಂತೂ ಬರುವುದೇ ಇಲ್ಲ. ಬಂದರೆ ಸೋಂಕಿನ ಕಡೆ ನೋಡಬೇಕು.

ಒಂದು ಕಂದು ಹೆಣ್ಣು ಕುದುರೆ ಪಕ್ಕ ನಿಂತಿದ್ದ ಹಿರಿಯ ಸಾಯೀಸರನ್ನು (ಕುದುರೆ ನೋಡಿಕೊಳ್ಳುವವರು) ಕೇಳಿದೆ: "ಕಾಕಾ, ಇದಕ್ಕ ಉಬ್ಬಸ ಐತೇನ್ರಿ?" "ಛೇ, ದಮ್ ಹತ್ತಿಲ್ರಿ ಇದಕ್ಕ. ಬರೇ ಧೂಳಿಗೆ ಕೆಮ್ಮತೈತಿ," ಅಂದರು. ಅದೇ ಕುದುರೆಯ ಚೀಟಿಯಲ್ಲಿ ಡಾಕ್ಟರು ಅಸ್ತಮಾ ಎಂದು ಬರೆದಿದ್ದಾರೆ! 'ಬರೇ ಧೂಳಿನ ಕೆಮ್ಮು' ಎಂದು ಕಾಕಾ ಬದಿಗಿಟ್ಟದ್ದೇ ಕಾಯಿಲೆ. ಪುಟ ಬರೆಯುತ್ತಿರುವುದೂ ಅದನ್ನು ಹೇಳುವುದಕ್ಕೇ.

ಹಾಗಾಗಿ ನನ್ನ ಅಂದಾಜು ಹೀಗಿದೆ. ಒಟ್ಟು ಕಾಯಿಲೆಗೆ 'ಅಸ್ತಮಾ' ಎಂದೇ ಇರಲಿ, ಅದು ಎಲ್ಲರಿಗೂ ಗೊತ್ತು. 'ಉಬ್ಬಸ'ವನ್ನೋ ಉತ್ತರದ 'ಗೂರಲು' ಎಂಬುದನ್ನೋ ತೀವ್ರ ರೂಪಕ್ಕೆ ಮಾತ್ರ ಇಟ್ಟುಕೊಳ್ಳೋಣ. ಪಶುವೈದ್ಯರೂ ಸುತ್ತಿ ಬಳಸಿ ಇಲ್ಲಿಗೇ ಬಂದವರು. ಹಿಂದೆ ಬೀಡಿ-ಸಿಗರೇಟು ಸೇದುವವರಿಗೆ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯ ಹೆಸರನ್ನೇ ಕುದುರೆಗೂ ಅಂಟಿಸಿದ್ದರು, ಆಮೇಲೆ ಸೌಮ್ಯಕ್ಕೊಂದು ತೀವ್ರಕ್ಕೊಂದು ಬೇರೆ ಬೇರೆ ಹೆಸರು ಬಳಸಿದರು, 2016ರಲ್ಲಿ ಅಮೆರಿಕದ ತಜ್ಞರ ಒಮ್ಮತದ ಹೇಳಿಕೆ ಬಂದ ಮೇಲೆ ಎರಡನ್ನೂ ಅಸ್ತಮಾ ಎಂಬ ಒಂದೇ ಹೆಸರಿನಡಿ ತಂದರು. ಸೌಮ್ಯ ರೂಪ ಯಾವ ವಯಸ್ಸಲ್ಲಾದರೂ ಬರಬಹುದು, ರೇಸಿನ ಎಳೆ ಕುದುರೆಗೂ ಬರುತ್ತದೆ. ತೀವ್ರ ರೂಪ ಸಾಮಾನ್ಯವಾಗಿ 7 ವರ್ಷ ದಾಟಿದವಕ್ಕೆ.

ಈಗ 'ಅಳ್ಳೆ'. ತೀವ್ರ ಅಸ್ತಮಾದಲ್ಲಿ ಉಸಿರು ಹೊರಹಾಕುವುದೇ ಕಷ್ಟ. ಕುದುರೆ ಕೊನೆಗೆ ಹೊಟ್ಟೆಯಿಂದ ಒತ್ತಿ ತಳ್ಳುತ್ತದೆ. ಬಹಳ ದಿನ ಹೀಗೇ ನಡೆದರೆ ಅಲ್ಲಿನ ಸ್ನಾಯು ದಪ್ಪವಾಗಿ, ಪಕ್ಕೆಲುಬು ಮುಗಿಯುವಲ್ಲಿ ಓರೆಯಾಗಿ ಒಂದು ಗೆರೆ ಎದ್ದು ಕಾಣುತ್ತದೆ. ಇದಕ್ಕೆ 'ಅಳ್ಳೆಗೆರೆ' ಎಂದು ಬರೆದಿದ್ದೇನೆ. ಪಕ್ಕೆಲುಬಿನ ಕೆಳಗಿನ ಮೆತ್ತನೆ ಜಾಗಕ್ಕೆ ನಮ್ಮ ಮನೆಯಲ್ಲಿ ಅಳ್ಳೆ ಎಂದೇ ಹೇಳುತ್ತಿದ್ದರು. ವಿಜಯಪುರ, ಕಲಬುರಗಿ ಕಡೆ ಈ ಮಾತು ಇದೆಯಾ? ಇಲ್ಲದಿದ್ದರೆ ಸುಮ್ನೆ 'ಹೊಟ್ಟೆ ಪಕ್ಕದ ಗೆರೆ' ಎಂದರೆ ಸಾಕೇ?

ಪರೀಕ್ಷೆಯ ಪದಗಳು ಇನ್ನೂ ತಲೆನೋವು. ಮೂಗಿನ ಹೊಳ್ಳೆಗಳ ಮೇಲೆ ಸ್ವಲ್ಪ ಹೊತ್ತು ಪ್ಲಾಸ್ಟಿಕ್ ಚೀಲ ಹಿಡಿದು, ಕುದುರೆ ಆಳವಾಗಿ ಉಸಿರೆಳೆಯುವಾಗ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಇದಕ್ಕೆ 'ಚೀಲ ಹಿಡಿದು ಕೇಳುವುದು' ಅಂದರೆ ಆಯಿತು. (ಕುದುರೆ ಬಾಯಿಂದ ಉಸಿರಾಡುವುದಿಲ್ಲ, ಅದಕ್ಕೇ ಮೂಗಿಗೆ ಹಿಡಿದರೆ ಸಾಕು. ಆಗಲೇ ಏದುಸಿರು ಬಿಡುತ್ತಿರುವುದಕ್ಕೆ ಹೀಗೆ ಮಾಡಬಾರದು.) ಮುಖ್ಯ ಪರೀಕ್ಷೆ ಬೇರೆ. ಮಂಪರಿನ ಔಷಧ ಕೊಟ್ಟು, ನಿಂತಲ್ಲೇ ಮೂಗಿನಿಂದ ಶ್ವಾಸಕೋಶಕ್ಕೆ ನಳಿಗೆ ಇಳಿಸಿ, 250ರಿಂದ 500 ಮಿಲಿ ಸಲೈನ್ ಬಿಟ್ಟು ವಾಪಸ್ ಎಳೆಯುತ್ತಾರೆ. ಬಂದ ನೀರು ನೊರೆನೊರೆಯಾಗಿದ್ದರೆ ಒಳ್ಳೆಯದು, ಆಳದಿಂದ ಬಂದಿದೆ ಎಂದು ಅರ್ಥ. ಅದರಲ್ಲಿನ ಜೀವಕೋಶಗಳ ಪೈಕಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಎಷ್ಟು ಪಾಲು ಇವೆ ಎಂದು ಎಣಿಸುತ್ತಾರೆ. ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಶೇ 5ರ ಒಳಗೆ, ತೀವ್ರ ಅಸ್ತಮಾದಲ್ಲಿ ಶೇ 25 ದಾಟಿರುತ್ತದೆ. ನಾನು ಮೊದಲು 'ಶ್ವಾಸಕೋಶ ತೊಳೆತ' ಎಂದು ಬರೆದು ಓದಿ ತೋರಿಸಿದೆ. "ತೊಳದ್ ಮ್ಯಾಲೆ ಕಮ್ಮಿ ಆಗತೈತೇನ್ರಿ?" ಎಂದು ಒಬ್ಬ ಹುಡುಗ ಕೇಳಿದ. ತೊಳೆಯುವುದು ಎಂದರೆ ಚಿಕಿತ್ಸೆಯೇ ಅನಿಸುತ್ತದೆ, ಅಲ್ವಾ? ಈಗ 'ಶ್ವಾಸಕೋಶದ ನೀರು ತೆಗೆದು ನೋಡುವುದು' ಎಂದು ಬದಲಿಸಿದೆ, ಆದರೆ ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ತಿಳಿದಾರು. ನಿಮ್ಮಲ್ಲಿ ಚಿಕ್ಕ ಪದ ಇದ್ದರೆ ಹೇಳಿ.

ದಿನಾ ಗಮನಿಸುವುದಕ್ಕೆ ಯಾರೋ 'ಮೇಲ್ವಿಚಾರಣೆ' ಸೂಚಿಸಿದರು. ಅದು ಮುಕಾದಮನ ಕೆಲಸ! 'ನಿಗಾ' ಸರಿ ಅನಿಸುತ್ತದೆ. ಕೆಲಸ ಇಷ್ಟೇ: ಬೆಳಿಗ್ಗೆ ಕುದುರೆ ತಣ್ಣಗೆ ನಿಂತಿರುವಾಗ ಅಳ್ಳೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ ಪಟ್ಟಿಯಲ್ಲಿ ಬರೆಯುವುದು. 8ರಿಂದ 16 ಇದ್ದರೆ ಸರಿ. ಸೆಕೆಯಲ್ಲಿ ಎಲ್ಲ ಕುದುರೆಗೂ ಏರುತ್ತದೆ, ಆದ್ದರಿಂದ ಆ ಕುದುರೆಯ ಹಿಂದಿನ ಲೆಕ್ಕದ ಜೊತೆ ಹೋಲಿಸಬೇಕು. ನಿಂತಾಗಲೇ ಹೊಳ್ಳೆ ಅರಳಿದ್ದರೆ ಡಾಕ್ಟರಿಗೆ ಫೋನ್. ಔಷಧಕ್ಕಿಂತ ಮುಖ್ಯ ಒಣಹುಲ್ಲಿನ ಧೂಳು ಕಮ್ಮಿ ಮಾಡುವುದು. ಹುಲ್ಲು ನೆನೆಸಿ ಹಾಕಿ, ಕುದುರೆ ಹೊರಗಿದ್ದಾಗ ಗುಡಿಸಿ ಎಂದು ದಪ್ಪಕ್ಷರದಲ್ಲಿ ಹಾಕಿದ್ದೇನೆ. ನೆನೆಸಿದ ಹುಲ್ಲು ಬೇಗ ಹುಳಿಯುತ್ತದೆ, ಉಳಿದದ್ದನ್ನು ಎಸೆಯಿರಿ ಎಂದೂ ಸೇರಿಸಿದೆ.

ಹುಲ್ಲಿನ ಮಾತು ಬಂತು ಎಂದು ಇದೂ ಇರಲಿ: ಲೂಸರ್ನ್ ಎಂಬ ಮೇವಿಗೆ ಇಲ್ಲಿ ಎಲ್ಲರೂ 'ಲಸೂಣ್ ಘಾಸ್' ಅನ್ನುತ್ತಾರೆ. ನಮ್ಮ 'ಕುದುರೆಮಸಾಲೆ' ಎಂಬ ಚೆಂದದ ಹೆಸರು ಕಾಕಾನಿಗೆ ಗೊತ್ತಿತ್ತು, ಹುಡುಗರಿಗೆ ಗೊತ್ತಿಲ್ಲ. ಎರಡನ್ನೂ ಬರೆಯುತ್ತೇನೆ.

ಕೊನೆಯದಾಗಿ, ಪುಣೆ ಮಳೆಗೆ ಹುಲ್ಲಿನ ಹೊರೆಯೊಳಗೆ ಬಿಳಿ-ಬೂದು ಬಣ್ಣಕ್ಕೆ ಹಿಡಿಯುತ್ತದಲ್ಲ, ಕೊಡವಿದರೆ ಹೊಗೆಯ ಹಾಗೆ ಏಳುತ್ತದೆ, ಅದಕ್ಕೆ ನಾನು 'ಬೂಷ್ಟು' ಎಂದು ಬರೆದಿದ್ದೇನೆ. ಇಂಡಿ ಕಡೆಯವರು ಏನನ್ನುತ್ತಾರೆ? ಆ ಕಡೆಯ ಯಾರಾದರೂ ಇದ್ದರೆ ದಯವಿಟ್ಟು ಬೇಗ ಬರೆಯಿರಿ, ಪುಟ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.