ಅವ್ವನ ಮರೆವಿಗೂ ಶುಗರ್‌ಗೂ ಸಂಬಂಧ ಇದೆಯಾ, ಮೇಡಂ?

ಪ್ರಶ್ನೆ (ಸೇಡಂನಿಂದ ಒಬ್ಬ ಮಗಳು):
ನಮಸ್ಕಾರ ಮೇಡಂ. ನಮ್ಮ ಅವ್ವನಿಗೆ 66 ವರ್ಷ. ಶುಗರ್ ಬಂದು 14 ವರ್ಷ ಆಯಿತು, ಬಿಪಿಯೂ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಸೇರಿದ ಗುಳಿಗೆ ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಾರೆ. ಆರು ತಿಂಗಳಿಂದ ಒಲೆ ಮೇಲೆ ಬೇಳೆ ಇಟ್ಟು ಮರೆಯುತ್ತಾರೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. "ವಯಸ್ಸಾಯ್ತಲ್ಲ, ಬಿಡು" ಅಂತಾನೆ ಅಣ್ಣ. ನನಗೆ ಸಮಾಧಾನ ಇಲ್ಲ.

ಉತ್ತರ (ವೈದ್ಯೆ, ಕಲಬುರಗಿ):
ನೀವು ಕೇಳಿದ್ದು ಒಳ್ಳೆಯದಾಯಿತು ತಂಗಿ. ಇದು ಬಿಡುವ ಮಾತಲ್ಲ. ಶುಗರ್ ಇರುವವರಿಗೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸುವ ಶುಗರ್ ಮಿದುಳಿನ ನಾಳಗಳನ್ನೂ ಬಿಡುವುದಿಲ್ಲ. ಅದಕ್ಕೆ ಕಣ್ಣಿನ ಪರದೆ ಕೆಟ್ಟಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ನಾನು ನೆನಪಿನ ಬಗ್ಗೆಯೂ ಕೇಳುತ್ತೇನೆ. ಹತ್ತಾರು ವರ್ಷದ ಶುಗರ್, ಹತೋಟಿಗೆ ಬಾರದ ಬಿಪಿ, ತಂಬಾಕು, ಸದಾ ಕೂತೇ ಇರುವುದು, ಇವೆಲ್ಲ ಸೇರಿದಷ್ಟೂ ಅಪಾಯ ಹೆಚ್ಚು.

ಎರಡು ವಿಷಯ ಹೇಳಿ. ಅವ್ವ ಉಪವಾಸ ಮಾಡುತ್ತಾರಾ? ಯಾವಾಗಲಾದರೂ ಮೈ ಬೆವರಿ, ನಡುಗಿ, ತಬ್ಬಿಬ್ಬಾಗಿದ್ದರಾ?

ಸೇಡಂ ಮಗಳು:
ಸೋಮವಾರ ಒಪ್ಪತ್ತು ಮಾಡುತ್ತಾರೆ. ಶ್ರಾವಣದಲ್ಲಂತೂ ಜಾಸ್ತಿ. ಆದರೆ ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ ಮೇಡಂ. ಹೋದ ತಿಂಗಳು ಒಂದು ದಿನ ನಸುಕಿನಲ್ಲಿ ಮೈಯೆಲ್ಲ ಬೆವರಿ, ಏನೇನೋ ಮಾತಾಡಿದರು. ದೃಷ್ಟಿ ಆಗಿದೆ ಅಂತ ದೃಷ್ಟಿ ತೆಗೆದೆವು. ಬೆಲ್ಲದ ನೀರು ಕುಡಿಸಿದ ಮೇಲೆ ಸರಿಯಾದರು.

ವೈದ್ಯೆ:
ಅದು ದೃಷ್ಟಿ ಅಲ್ಲ. ಶುಗರ್ ತೀರಾ ಇಳಿದಿರಬೇಕು. ಅವ್ವನನ್ನು ಉಳಿಸಿದ್ದು ಆ ಬೆಲ್ಲದ ನೀರು.

ನಮ್ಮ ಕಡೆ ಎಲ್ಲರೂ ಶುಗರ್ ಏರುವುದಕ್ಕೆ ಹೆದರುತ್ತಾರೆ, ಇಳಿಯುವುದಕ್ಕೆ ಯಾರೂ ಹೆದರುವುದಿಲ್ಲ. ನನಗೆ ಜಾಸ್ತಿ ಚಿಂತೆ ಆಗುವುದೇ ಅಲ್ಲಿ. ಗ್ಲಿಮೆಪಿರೈಡ್‌ಗೆ ನೀವು ರೊಟ್ಟಿ ತಿಂದಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಕಿಡ್ನಿ ಬಲ ಕಮ್ಮಿ ಇದ್ದರೆ ಇನ್ನೂ ಹೊತ್ತು ಮೈಯಲ್ಲಿ ನಿಲ್ಲುತ್ತದೆ. ಮಿದುಳು ಬದುಕುವುದೇ ಗ್ಲೂಕೋಸ್ ಮೇಲೆ. ರಕ್ತದ ಶುಗರ್ 70ಕ್ಕಿಂತ ಕೆಳಗೆ ಹೋದರೆ ಎಚ್ಚರಿಕೆ, 54ಕ್ಕಿಂತ ಕೆಳಗೆ ಅಪಾಯ. ಹೀಗೆ ಜೋರಾಗಿ ಶುಗರ್ ಇಳಿದು ಒದ್ದಾಡಿದ ಹಿರಿಯರಲ್ಲಿ ಮುಂದೆ ಮರೆವಿನ ಕಾಯಿಲೆ ಜಾಸ್ತಿ ಕಂಡುಬಂದಿದೆ. ಮರೆವು ಬಂದವರು ಉಂಡಿದ್ದೇನಾ, ಗುಳಿಗೆ ನುಂಗಿದ್ದೇನಾ ಅನ್ನುವುದನ್ನೇ ಮರೆತು ಎರಡು ಸಲ ನುಂಗುತ್ತಾರೆ. ಆಗ ಶುಗರ್ ಮತ್ತೆ ಇಳಿಯುತ್ತದೆ.

ಹಾಗಂತ ನೀವೇ ಗುಳಿಗೆ ನಿಲ್ಲಿಸಬೇಡಿ. ಈ ವಾರವೇ ನಿಮ್ಮ ಡಾಕ್ಟರ್‌ಗೆ ಆ ನಸುಕಿನ ಕಥೆ ಹೇಳಿ. ಒಪ್ಪತ್ತಿನ ದಿನ ಗುಳಿಗೆ ಹೇಗೆ ಅಂತ ಕೇಳಿ. ಅವರು ಬೇರೆ ಗುಳಿಗೆಗೆ ಬದಲಿಸಬಹುದು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6ಕ್ಕೆ ಬರಲೇಬೇಕು ಅಂತ ಹಟ ಬೇಡ. ಅಮೆರಿಕ, ಕೆನಡಾದಲ್ಲಿ ಅಕಾರ್ಡ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಅಲ್ಲಿ 6ಕ್ಕಿಂತ ಕೆಳಗೆ ಇಳಿಸಲು ಹೊರಟವರ ನೆನಪಿನ ಶಕ್ತಿ ಉಳಿದವರಿಗಿಂತ ಚೆನ್ನಾಗೇನೂ ಉಳಿಯಲಿಲ್ಲ. ಸಾವು ಜಾಸ್ತಿಯಾಗಿ 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನೇ ನಿಲ್ಲಿಸಿದರು. ಮರೆವು ಇರುವ ಹಿರಿಯರಿಗೆ 8ರ ಒಳಗಿದ್ದರೆ ಸಾಕು.

ಮತ್ತೆ ಹಾಗೆ ಶುಗರ್ ಇಳಿದರೆ, ಎಚ್ಚರ ಇದ್ದರೆ ಮಾತ್ರ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ಶುಗರ್ ನೋಡಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ವಿಟಮಿನ್ ಕಮ್ಮಿಯಾಗಬಹುದು. ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಅದರಿಂದಲೂ ಮರೆವು, ಕಾಲು ಜೋಮು ಬರುತ್ತದೆ. ಬಿ12, ಥೈರಾಯ್ಡ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಈ ಮೂರು ಪರೀಕ್ಷೆಯನ್ನೂ ಮಾಡಿಸಿ. ಬಿ12 ಕೊರತೆಯ ಮರೆವು ಬೇಗ ಹಿಡಿದರೆ ಸುಧಾರಿಸುತ್ತದೆ.

ಯಾದಗಿರಿಯಿಂದ ಒಬ್ಬರು:
ಮೇಡಂ, ನಮ್ಮ ಅಪ್ಪನಿಗೂ ಶುಗರ್. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಒಂದು ಕಡೆ ನೆನಪಿನ ಪರೀಕ್ಷೆ ಅಂತ ಕಾಗದ ಕೊಟ್ಟು ಗಡಿಯಾರ ಬರೆಯಿರಿ ಅಂದರು. ಆಗಲಿಲ್ಲ. ಮರೆವಿನ ಕಾಯಿಲೆ ಅಂದುಬಿಟ್ಟರು.

ವೈದ್ಯೆ:
ಪೆನ್ನು ಹಿಡಿಯದ ಕೈಗೆ ಗಡಿಯಾರ ಬರೆ ಅಂದರೆ ಹೇಗೆ? ಓದು ಬಾರದವರಿಗಾಗಿಯೇ ಮಾಡಿದ ಪರೀಕ್ಷೆಗಳು ನಮ್ಮ ದೇಶದಲ್ಲೇ ಇವೆ. ಅವನ್ನೇ ಕೇಳಿ ಮಾಡಿಸಿ. ಶಾಲೆ ಇಲ್ಲದಿರುವುದೂ ಅಪಾಯವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಒಂದು ಗಡಿಯಾರದಿಂದ ತೀರ್ಮಾನ ಆಗುವುದಿಲ್ಲ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ಮೊದಲಿನ ಹಾಗೆ ಹಾಕುತ್ತಾರಾ? ಹೊಲದ ದಾರಿ ತಪ್ಪುತ್ತಾರಾ? ಅದನ್ನು ಮನೆಯವರೇ ಡಾಕ್ಟರ್‌ಗೆ ಹೇಳಬೇಕು. ಕಿವಿ ಸರಿಯಾಗಿ ಕೇಳಿಸುತ್ತದಾ ನೋಡಿ. ಮನಸ್ಸು ಕುಗ್ಗಿದ್ದರೂ ಮರೆವಿನ ಹಾಗೇ ಕಾಣುತ್ತದೆ. ಒಂದೇ ದಿನದಲ್ಲಿ ತಬ್ಬಿಬ್ಬಾದರೆ ಮಾತ್ರ ಕಾಯಬೇಡಿ. ಮೂತ್ರದ ಸೋಂಕು, ಬಿಸಿಲಿಗೆ ನೀರು ಕಮ್ಮಿಯಾಗಿದ್ದು, ಪಾರ್ಶ್ವವಾಯು ಏನಾದರೂ ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸೇಡಂ ಮಗಳು:
ಬುಧವಾರ ಹೋಗುತ್ತೇವೆ ಮೇಡಂ, ಅಣ್ಣನೂ ಬರುತ್ತಾನೆ. ಗುಳಿಗೆ, ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿದ್ದೇನೆ.

ವೈದ್ಯೆ:
ಕಣ್ಣಿನ ರಿಪೋರ್ಟ್ ಇದ್ದರೆ ಅದನ್ನೂ ಹಾಕಿ. ಅಲ್ಲಿಯ ತನಕ ಗುಳಿಗೆ ನೀವೇ ಕೈಯಾರೆ ಕೊಡಿ, ಊಟ ಮುಂದೆ ಇಟ್ಟ ಮೇಲೆಯೇ ಕೊಡಿ. ಈ ಸೋಮವಾರ ಒಪ್ಪತ್ತು ಬೇಡ ಅಂತ ಅವ್ವನಿಗೆ ನನ್ನ ಹೆಸರಲ್ಲಿ ಹೇಳಿ.