‘ಗೋಧಿ ಸಂಗ್ರಹ ಕುಸಿತ’ ಅಂದರೆ ಕುಸಿದದ್ದು ಯಾವುದು?

ಎಲ್ಲರಿಗೂ ನಮಸ್ಕಾರ,

ಪತ್ರಿಕೆಗಳ ವಾಣಿಜ್ಯ ಪುಟ ಓದುವಾಗ ಒಂದು ಪದ ಪದೇ ಪದೇ ಕಾಲಿಗೆ ತೊಡರುತ್ತದೆ. ಸಂಗ್ರಹ. ಸರ್ಕಾರ ರೈತರಿಂದ ಧಾನ್ಯ ಕೊಂಡರೆ ಅದು ಸಂಗ್ರಹ. ಕೊಂಡದ್ದು ಗೋದಾಮಿನಲ್ಲಿ ಬಿದ್ದಿದ್ದರೆ ಅದೂ ಸಂಗ್ರಹ. ದೇಶದ ಲೆಕ್ಕವೆಲ್ಲ ಒಟ್ಟಿಗೆ ಹಿಡಿದರೆ ಕೇಂದ್ರೀಯ ಸಂಗ್ರಹ. ವ್ಯಾಪಾರಿ ಬಚ್ಚಿಟ್ಟರೆ ಅಕ್ರಮ ಸಂಗ್ರಹ! ಹೀಗಿರುವಾಗ ‘ಗೋಧಿ ಸಂಗ್ರಹ ಕುಸಿತ’ ಎಂಬ ತಲೆಬರಹ ಕಂಡರೆ ಏನು ಅರ್ಥ ಮಾಡಿಕೊಳ್ಳಬೇಕು? ಕೊಂಡದ್ದು ಕಡಿಮೆಯಾಯಿತೋ, ಉಳಿದದ್ದು ಕಡಿಮೆಯಾಯಿತೋ?

ಇದು ಸುಮ್ನೆ ಪದದ ತಕರಾರು ಅಂತ ತಳ್ಳಿಹಾಕಬೇಡಿ. ಬೆಲೆಯ ಮಟ್ಟಿಗೆ ಎರಡೂ ಬೇರೆ ಬೇರೆ ಸುದ್ದಿ. 2022ನ್ನೇ ನೋಡಿ. ಹಿಂದಿನ ವರ್ಷ ಸರ್ಕಾರ ಸುಮಾರು 433 ಲಕ್ಷ ಟನ್ ಗೋಧಿ ಕೊಂಡಿತ್ತು, 2022ರಲ್ಲಿ ಸಿಕ್ಕಿದ್ದು ಸುಮಾರು 188 ಲಕ್ಷ ಟನ್. ಮಾರ್ಚ್ ತಿಂಗಳ ಬಿಸಿಲಿಗೆ ಪಂಜಾಬ್, ಹರಿಯಾಣದಲ್ಲಿ ಕಾಳು ಸೊರಗಿತ್ತು, ಅದು ಒಂದು ಕಾರಣ. ಇನ್ನೊಂದು, ಯುಕ್ರೇನ್ ಯುದ್ಧದಿಂದ ಹೊರದೇಶಗಳಲ್ಲಿ ಗೋಧಿಗೆ ಬೆಲೆ ಏರಿ, ನಮ್ಮ ವ್ಯಾಪಾರಿಗಳು ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 2,015 ರೂಪಾಯಿಗಿಂತ ಜಾಸ್ತಿ ಕೊಡಲು ತಯಾರಿದ್ದರು. ರೈತ ಸರ್ಕಾರಿ ಕೇಂದ್ರಕ್ಕೆ ಯಾಕೆ ಹೋಗುತ್ತಾನೆ, ಅಲ್ವಾ? ಅಂದರೆ ಅಲ್ಲಿ ‘ಸಂಗ್ರಹ ಕುಸಿತ’ ಎಂಬುದು ಬೆಲೆ ಏರಿದ್ದರ ಫಲ. ಅದೇ ‘ಸಂಗ್ರಹ’ ಗೋದಾಮಿನ ಅರ್ಥದಲ್ಲಿ ಕುಸಿದರೆ ಅದು ಮುಂದಿನ ಬೆಲೆ ಏರಿಕೆಗೆ ಕಾರಣ. ಒಂದು ಪದ ಕಾರಣವನ್ನೂ ಫಲವನ್ನೂ ಒಟ್ಟಿಗೆ ಹೊತ್ತುಕೊಂಡರೆ ಓದುವವರ ಗತಿ ಏನು?

ಆಮೇಲೆ ಆದದ್ದೂ ಹಾಗೇ. ಮೇ 13ಕ್ಕೆ ಗೋಧಿ ರಫ್ತು ನಿಷೇಧವಾಯಿತು. ಆದರೂ ಗೋದಾಮಿನಲ್ಲಿ ಮಾಲು ಕಡಿಮೆ ಎಂಬುದು ಪೇಟೆಗೆಲ್ಲ ಗೊತ್ತಿತ್ತು. 2023ರ ಜನವರಿ ಹೊತ್ತಿಗೆ ದೆಹಲಿಯಲ್ಲಿ ಕ್ವಿಂಟಲ್ ಗೋಧಿ 3,000 ರೂಪಾಯಿ ದಾಟಿತು. ಜನವರಿ 25ಕ್ಕೆ ಸರ್ಕಾರ 30 ಲಕ್ಷ ಟನ್ ಗೋದಾಮಿನಿಂದ ಪೇಟೆಗೆ ಬಿಡುತ್ತೇವೆ ಎಂದಿತು. ಹರಾಜು ಶುರುವಾದದ್ದು ಫೆಬ್ರವರಿಯಲ್ಲಿ. ಧಾರಣೆ ಇಳಿಯಲು ಮಾತ್ರ ಆ ಮೂಟೆಗಳೆಲ್ಲ ಪೇಟೆ ಸೇರಬೇಕಾಗಲಿಲ್ಲ, ಘೋಷಣೆಯೇ ಕೆಲಸ ಮಾಡಿತು. ಕೂಡಿಟ್ಟುಕೊಂಡವರು ಮೊದಲು ಮಾರಿ ಕೈತೊಳೆದುಕೊಳ್ಳೋಣ ಎಂದು ಹೊರಟರೆ ಹೀಗಾಗುತ್ತದೆ.

ಈಗ ‘ಕಾಪು ದಾಸ್ತಾನು’ ಎಂಬುದಕ್ಕೆ ಬರೋಣ. ಬಫರ್ ಸ್ಟಾಕ್‌ಗೆ ನಮ್ಮಲ್ಲಿ ಬಳಕೆಯಲ್ಲಿರುವ ಮಾತು. ಕಾಯುವುದರಿಂದ ಕಾಪು. ನನಗಂತೂ ಇಷ್ಟವಾದ ಪದ. (ಬರೀ ‘ಕಾಪು’ ಅಂತ ಹುಡುಕಿದರೆ ಉಡುಪಿ ಕಡೆಯ ದೀಪಸ್ತಂಭ ಬರುತ್ತದೆ, ಅದು ಬೇರೆ ಮಾತು.) ತೊಂದರೆ ಏನೆಂದರೆ ಸರ್ಕಾರದ ಗೋದಾಮಿನಲ್ಲಿರುವ ಪ್ರತಿ ಕಾಳಿಗೂ ಇದನ್ನೇ ಬಳಸುತ್ತಾರೆ. ನಿಜಕ್ಕೂ ಕಾಪು ಅಂದರೆ ಇಷ್ಟಾದರೂ ಇರಲೇಬೇಕು ಎಂದು ಗೊತ್ತುಮಾಡಿದ ಪಾಲು ಮಾತ್ರ. 2015ರಿಂದ ಜಾರಿಯಲ್ಲಿರುವ ಲೆಕ್ಕದಲ್ಲಿ ಗೋಧಿಗೆ ಏಪ್ರಿಲ್ 1ಕ್ಕೆ 74.6 ಲಕ್ಷ ಟನ್, ಜುಲೈ 1ಕ್ಕೆ 275.8 ಲಕ್ಷ ಟನ್. ಏಪ್ರಿಲ್ ಅಂದರೆ ಹೊಸ ಬೆಳೆ ಬರುವ ಬಾಗಿಲು, ಜುಲೈ ಅಂದರೆ ಕೊಂಡು ಮುಗಿದ ಹೊತ್ತು. ಹಾಗಾಗಿ 100 ಲಕ್ಷ ಟನ್ ಇದ್ದರೆ ಏಪ್ರಿಲ್‌ನಲ್ಲಿ ನೆಮ್ಮದಿ, ಜುಲೈನಲ್ಲಿ ಗಾಬರಿ. ತಾರೀಖು ಹೇಳದೆ ‘ದಾಸ್ತಾನು ಕಡಿಮೆ’ ಎಂದು ಬರೆಯುವವರಿಗೆ ಏನನ್ನೋಣ! 2024ರ ಏಪ್ರಿಲ್ 1ಕ್ಕೆ ಇದ್ದದ್ದು ಹೆಚ್ಚುಕಡಿಮೆ 75 ಲಕ್ಷ ಟನ್, ಅಂದರೆ ಕಾಪಿನ ಗೆರೆಯ ಮೇಲೇ ನಿಂತಿತ್ತು.

ಇನ್ನು, ಇದೆ ಎಂಬುದಕ್ಕೂ ಸಿಗುತ್ತದೆ ಎಂಬುದಕ್ಕೂ ಇರುವ ದೂರ. ಇದು ನಮ್ಮ ರಾಜ್ಯಕ್ಕೆ 2023ರ ಜೂನ್‌ನಲ್ಲಿ ಚೆನ್ನಾಗಿ ಗೊತ್ತಾಯಿತು. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿಯನ್ನು ಭಾರತೀಯ ಆಹಾರ ನಿಗಮದಿಂದ ಕಿಲೋಗೆ 34 ರೂಪಾಯಿ ಕೊಟ್ಟು ಕೊಳ್ಳಲು ಕರ್ನಾಟಕ ಮುಂದಾಗಿತ್ತು. ಅಷ್ಟರಲ್ಲಿ ಕೇಂದ್ರ ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ಪೇಟೆಯ ಬೆಲೆ ಹಿಡಿತದಲ್ಲಿಡಲು ಆ ಅಕ್ಕಿ ಬೇಕು ಎಂಬುದು ಅವರ ವಾದ, ಗೋದಾಮು ತುಂಬಿದೆಯಲ್ಲ ಎಂಬುದು ಇವರ ವಾದ. ಕೊನೆಗೆ ಜನರಿಗೆ ಸಿಕ್ಕಿದ್ದು ತಲೆಗೆ 170 ರೂಪಾಯಿ ದುಡ್ಡು. 2025ರಲ್ಲಿ ಅದೇ ನಿಗಮ ಕಿಲೋಗೆ 22.50ಕ್ಕೆ ಕೊಡಲು ತಯಾರಾದ ಮೇಲೆ ದುಡ್ಡು ಹೋಗಿ ಅಕ್ಕಿ ಬಂತು. ಆ ಇಡೀ ಜಗಳವನ್ನು ಬರೀ ‘ಸಂಗ್ರಹ’ ಎಂಬ ಪದ ಇಟ್ಟುಕೊಂಡು ವಿವರಿಸಿ ನೋಡೋಣ, ಆಗುವುದಿಲ್ಲ. ದಾಸ್ತಾನು ಬೇರೆ, ಬಿಡುಗಡೆ ಬೇರೆ ಎಂದು ಬಿಡಿಸಿಕೊಂಡರೆ ಮಾತ್ರ ತಲೆಬುಡ ಸಿಗುತ್ತದೆ.

ಬಫರ್‌ಗೆ ‘ಹಗೇವು’ ಅಂತ ಯಾಕೆ ಹೇಳಬಾರದು ಎಂದು ಕೆಲವರು ಕೇಳುತ್ತಾರೆ. ಪದ ಚೆಂದ. ಆದರೆ ಒಪ್ಪಲು ಮನಸ್ಸಿಲ್ಲ. ಹಗೇವು ಎಂದರೆ ನೆಲದಡಿಯ ಗುಳಿ, ಒಳಗೆಲ್ಲ ಹುಲ್ಲು ಹೊದಿಸಿ ಜೋಳ ತುಂಬಿ ಬಾಯಿ ಮುಚ್ಚಿಬಿಡುವುದು. ತೆಗೆಯುವಾಗಲೂ ಗಾಳಿಯಾಡಲು ಬಿಟ್ಟೇ ಇಳಿಯಬೇಕು, ಇಲ್ಲದಿದ್ದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು. ಯಾರ ಹಗೇವಿನಲ್ಲಿ ಎಷ್ಟಿದೆ ಎಂಬುದು ಪಕ್ಕದ ಮನೆಗೂ ಗೊತ್ತಾಗುತ್ತಿರಲಿಲ್ಲ, ಕಳ್ಳರಿಂದ ಉಳಿಸಿಕೊಳ್ಳಲು ಹಾಗೇ ಇರಬೇಕಿತ್ತು. ಸರ್ಕಾರದ ದಾಸ್ತಾನು ಬೆಲೆಯನ್ನು ಅಲುಗಿಸುವುದು ಎಷ್ಟಿದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ. ನಿಗಮ ತಿಂಗಳು ತಿಂಗಳು ಲೆಕ್ಕ ಹೊರಗೆ ಹಾಕುತ್ತದೆ. ಗುಟ್ಟಿನ ಗುಳಿಯ ಹೆಸರು ಇದಕ್ಕೆ ಹೊಂದುವುದಿಲ್ಲ.

ಒಂದು ತಮಾಷೆ ಗಮನಿಸಿ. ನಮ್ಮದೇ ಬೆಳೆಯಾದರೆ ಯಾರೂ ಎಡವುವುದಿಲ್ಲ. ‘ರಾಗಿ ಖರೀದಿ ಕೇಂದ್ರ’ ಎಂದೇ ಬರೆಯುತ್ತಾರೆ, ಮಂಡ್ಯ, ಹಾಸನ, ತುಮಕೂರು ಕಡೆಯ ರೈತರೂ ಹಾಗೇ ಹೇಳುತ್ತಾರೆ. ಕೊಯ್ಲು ಮುಗಿದ ಮೇಲೆ ಖರೀದಿ ತಡವಾದರೆ, ಸಾಲ ಇರುವವರು ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿಬಿಡುತ್ತಾರೆ ಎಂಬುದೂ ಅವರಿಗೆ ಗೊತ್ತು. ದೆಹಲಿಯಿಂದ ಬಂದ ಗೋಧಿ ಸುದ್ದಿಗೆ ಮಾತ್ರ ಸಂಗ್ರಹ, ಸಂಗ್ರಹಣೆ. ಕೊಂಡದ್ದಕ್ಕೆ ಖರೀದಿ, ಇಟ್ಟದ್ದಕ್ಕೆ ದಾಸ್ತಾನು ಎಂದರೆ ಯಾರಿಗಾದರೂ ಅಡ್ಡಿ ಇದೆಯಾ?

ಹುಬ್ಬಳ್ಳಿ, ದಾವಣಗೆರೆ, ರಾಯಚೂರಿನ ಎಪಿಎಂಸಿ ಒಡನಾಟ ಇರುವವರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ. ಬೆಲೆ ಏರಿದರೆ ತೇಜಿ, ಇಳಿದರೆ ಮಂದಿ ಎಂಬ ಮಾತು ಕೇಳಿದ್ದೇನೆ. ಸರ್ಕಾರದ ಗೋದಾಮಿನ ಮಾಲು ಪೇಟೆಗೆ ಇಳಿದು ಮಂದಿಯಾದರೆ ಅದಕ್ಕೆ ಅಂಗಡಿಗಳಲ್ಲಿ ಬೇರೆ ಹೆಸರು ಇದೆಯಾ, ಅಥವಾ ಪೇಟೆಗೆ ಬರುವ ಎಲ್ಲ ಮಾಲಿನ ಹಾಗೆ ಅದೂ ಬರೀ ‘ಆವಕ’ವೇ?